ರಂಗಪ್ರವೇಶದ ವಿಡಿಯೊ: ವರ್ಣ ಮುಗಿಯುವ ಹೊತ್ತಿಗೆ ಒಂದು ಕ್ಯಾಮೆರಾ ತಾಳ ತಪ್ಪುತ್ತಿದೆ

ಬಸವನಗುಡಿ_ಕತ್ತರಿ:
ಅಕ್ಕನ ಮಗಳ ಭರತನಾಟ್ಯ ರಂಗಪ್ರವೇಶ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ಆಯ್ತು. ಎರಡು ಮಿರರ್‌ಲೆಸ್ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್‌ನಲ್ಲಿ, ಹಿಂದಿನ ಸಾಲಿನಿಂದ ಒಂದು ಫೋನ್ 30ರಲ್ಲಿ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್‌ನಲ್ಲಿ ಸೌಂಡ್ ಮೇಲೆ ಸಿಂಕ್ ಮಾಡಿ ಮಲ್ಟಿಕ್ಯಾಮ್ ಕ್ಲಿಪ್ (ಎಲ್ಲ ಕ್ಯಾಮೆರಾ ಆಂಗಲ್ ಒಂದೇ ಕ್ಲಿಪ್‌ನಲ್ಲಿ) ಮಾಡಿದ್ದೇನೆ. ಪುಷ್ಪಾಂಜಲಿ, ಜತಿಸ್ವರ ಸರಿಯಾಗಿ ಕೂತಿವೆ. ವರ್ಣದ (ಕಾರ್ಯಕ್ರಮದ ಉದ್ದದ, ಮುಖ್ಯ ನೃತ್ಯ) ಕೊನೆಗೆ ಬಂದರೆ ಫೋನಿನ ಆಂಗಲ್‌ನಲ್ಲಿ ಮಾತ್ರ ಕಾಲು ಒಂದು ಕಡೆ, ತಾಳ ಒಂದು ಕಡೆ, ಹೆಚ್ಚುಕಡಿಮೆ ಅರ್ಧ ಸೆಕೆಂಡ್. ಜೊತೆಗೆ ಆಂಗಲ್ ಬದಲಿಸಿದರೆ ಸೌಂಡೂ ಬದಲಾಗುತ್ತೆ, ಒಂದರಲ್ಲಿ ಮೃದಂಗ, ಇನ್ನೊಂದರಲ್ಲಿ ಪಕ್ಕದ ಸೀಟಿನ ಅಜ್ಜಿಯ ಮಾತು. ಅಕ್ಕ ದಿನಾ ಕೇಳ್ತಿದ್ದಾಳೆ. ಏನು ಮಾಡಲಿ?

ಟೈಮ್‌ಲೈನ್_ಗೌಡ:
ಫೋನ್ 30 ಅಂತ ಹೇಳುತ್ತೆ, ಆದರೆ ಅದೇ ಲೆಕ್ಕಕ್ಕೆ ನಿಲ್ಲಲ್ಲ. ಬೆಳಕು ಕಡಿಮೆಯಾದರೆ ಫ್ರೇಮ್ ಇಳಿಸುತ್ತೆ, ಆಮೇಲೆ ಏರಿಸುತ್ತೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅಂತಾರೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಫ್ರೇಮೂ ಸಮ ಅಂದುಕೊಂಡರೆ ಚಿತ್ರ ಜಾರುತ್ತೆ. ಆ ಫೈಲನ್ನು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಕನ್ವರ್ಟ್ ಮಾಡುವ ಸಾಫ್ಟ್‌ವೇರ್‌ಗೆ ಹಾಕಿ, ವಿಡಿಯೊ ಟ್ಯಾಬ್‌ನಲ್ಲಿ 30 ಫ್ರೇಮ್, ಕಾನ್ಸ್‌ಟಂಟ್ ಆಯ್ಕೆ ಮಾಡಿ ಹೊಸ ಫೈಲ್ ತೆಗೆಯಿರಿ. ಹಳೇ ಮಲ್ಟಿಕ್ಯಾಮ್ ಬಿಟ್ಟು ಹೊಸದು ಮಾಡಿ.

ಸ್ಪೀಡ್_ಶಂಕರಪುರ:
ಇಷ್ಟಕ್ಕೆಲ್ಲ ಯಾಕೆ ಸಾರ್, ಕ್ಲಿಪ್ ಸ್ಪೀಡ್ 100.02 ಮಾಡಿದರೆ ಮುಗೀತಲ್ವಾ? 40 ನಿಮಿಷಕ್ಕೆ ಅರ್ಧ ಸೆಕೆಂಡ್ ಅಷ್ಟೇ ಆಗೋದು.

ಟೈಮ್‌ಲೈನ್_ಗೌಡ:
ಜಾರಾಟ ಒಂದೇ ಸಮನಾಗಿದ್ದರೆ ಆಗುತ್ತೆ. ಮೊದಲು ವರ್ಣದ ನಡುಭಾಗಕ್ಕೆ ಹೋಗಿ ನಟ್ಟುವಾಂಗದ ತಾಳದ (ಗುರುಗಳ ಕೈಯ ಲೋಹದ ತಾಳ) ಒಂದು ಹೊಡೆತ ಹುಡುಕಿ, ಸೌಂಡಿನ ಗೆರೆಚಿತ್ರದಲ್ಲಿ, ಅಂದರೆ ವೇವ್‌ಫಾರಂನಲ್ಲಿ, ಮೊಳೆ ಥರ ಎದ್ದು ನಿಂತಿರುತ್ತೆ. ಅದೇ ಹೊಡೆತಕ್ಕೆ ತಾಳ ತಾಗುವ ಫ್ರೇಮ್ ಎಲ್ಲಿದೆ ನೋಡಿ. ಅಲ್ಲಿ ಕಾಲು ಸೆಕೆಂಡ್ ವ್ಯತ್ಯಾಸ ಇದ್ದರೆ ಸ್ಪೀಡ್ ಸಾಕು. ಕೆಲವು ಕಡೆ ಸರಿ, ಕೆಲವು ಕಡೆ ಜಾಸ್ತಿ ಅಂತಿದ್ದರೆ ಕನ್ವರ್ಟ್ ಮಾಡಲೇಬೇಕು.

ಮಿಕ್ಸರ್_ಮಲ್ಲೇಶ್ವರಂ:
ಸೌಂಡ್‌ಗೆ ಬರೋಣ. ಮಲ್ಟಿಕ್ಯಾಮ್ ವ್ಯೂವರ್ ಕೆಳಗೆ ವಿಡಿಯೊ ಮಾತ್ರ ಬದಲಾಗುವ ಬಟನ್ ಇದೆ, ಅದನ್ನು ಒತ್ತಿ ಸ್ವಿಚ್ ಮಾಡಿ. ಸೌಂಡ್ ಒಂದೇ ಇರಲಿ. ಹಾಲ್‌ನವರ ಮಿಕ್ಸರ್‌ನಿಂದ ರೆಕಾರ್ಡಿಂಗ್ ಸಿಕ್ಕರೆ ಅದೇ ಬೆಸ್ಟ್. ಇನ್ನೊಂದು ವಿಷಯ, ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಷ್ಟರಲ್ಲಿ 14 ಮೀಟರ್ ಹತ್ತಿರ. ಹಿಂದಿನ ಸಾಲಿನ ಫೋನಿಗೆ ಶಬ್ದ ತಡವಾಗಿ ತಲುಪಿರುತ್ತೆ, ಹಾಗಾಗಿ ಸೌಂಡ್ ಮೇಲೆ ಸಿಂಕ್ ಆದರೂ ಚಿತ್ರ ಒಂದು ಫ್ರೇಮ್ ಮುಂದಿರಬಹುದು. ಕೈಯಲ್ಲೇ ಸರಿಸಿ.

ಬಸವನಗುಡಿ_ಕತ್ತರಿ:
ನಡುವೆ ನೋಡಿದೆ, ದೀಪ ಮಂದ ಮಾಡಿದ ಕಡೆಗಳಲ್ಲೇ ಜಾರಿದೆ. ಕನ್ವರ್ಟ್‌ಗೆ ಹಾಕಿದ್ದೇನೆ.

ಅರೆಮಂಡಿ:
ಎಡಿಟರ್ ಅಲ್ಲ, ಡಾನ್ಸರ್. ಒಂದೇ ಕೋರಿಕೆ: ಜತಿ (ಸೊಲ್ಲುಕಟ್ಟಿಗೆ ಕಾಲು ಹಾಕುವ ಭಾಗ) ನಡೆಯುವಾಗ ಮುಖದ ಕ್ಲೋಸಪ್ ಹಾಕಬೇಡಿ! ಕಾಲು, ಅರೆಮಂಡಿ (ಮಂಡಿ ಬಾಗಿಸಿದ ನಿಲುವು) ಕಾಣದಿದ್ದರೆ ಗುರುಗಳು ಬೈಯ್ತಾರೆ. ಅಭಿನಯದ ಸಾಲು ಬಂದಾಗ ಹತ್ತಿರ ಹೋಗಿ, ಸಂಚಾರಿ (ಅಭಿನಯದಲ್ಲಿ ಭಾವ ಬಿಡಿಸಿ ತೋರಿಸುವ ಭಾಗ) ನಡುವೆ ಸುಮ್ನೆ ಕಟ್ ಮಾಡ್ತಾ ಇರಬೇಡಿ. ಮುಕ್ತಾಯ (ಜತಿಯ ಕೊನೆಯ ಭಾಗ) ಆಗಿ ಸಮಕ್ಕೆ (ತಾಳದ ಮೊದಲ ಹೊಡೆತಕ್ಕೆ) ಬಂದಾಗ ಕಟ್ ಮಾಡಿದರೆ ಕಣ್ಣಿಗೆ ಗೊತ್ತೇ ಆಗಲ್ಲ.

ಟೈಮ್‌ಲೈನ್_ಗೌಡ:
ಮುಂದಿನ ಸಲ ಫೋನಲ್ಲಿ ಮ್ಯಾನ್ಯುಯಲ್ ಆ್ಯಪ್ ಹಾಕಿ 25 ಫ್ರೇಮ್, ಶಟರ್ 1/50 ಲಾಕ್ ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್, ಲೈಟ್ ಮಿಣುಕೋದೂ ಕಡಿಮೆ ಆಗುತ್ತೆ.