ಸಿಇಟಿ ಆಪ್ಷನ್ ಎಂಟ್ರಿ: ಸದ್ದು ಮಾಡದ ಒಳ್ಳೆ ಎಂಜಿನಿಯರಿಂಗ್ ಕಾಲೇಜು ಪತ್ತೆ ಹಚ್ಚೋದು ಹೇಗೆ?

ತುಂಗಾತೀರ:
ತಂಗಿಗೆ ಸಿಇಟಿ ಎಂಜಿನಿಯರಿಂಗ್ ರ್ಯಾಂಕ್ 41 ಸಾವಿರದ ಆಸುಪಾಸು ಬಂದಿದೆ. 2ಎ ವರ್ಗ. ಒಂದರಿಂದ ಹತ್ತನೇ ತರಗತಿವರೆಗೂ ಹಳ್ಳಿ ಶಾಲೆ, ಕನ್ನಡ ಮಾಧ್ಯಮ. ಅವಳಿಗೆ ಇಷ್ಟ ಇರೋದು ಎಲೆಕ್ಟ್ರಾನಿಕ್ಸ್, ಅದಾಗದಿದ್ದರೆ ಕಂಪ್ಯೂಟರ್ ಸೈನ್ಸ್. ಯಾರನ್ನು ಕೇಳಿದರೂ ಬೆಂಗಳೂರಿನ ಅದೇ ಏಳೆಂಟು ಹೆಸರು ಹೇಳ್ತಾರೆ, ಅವು ಈ ರ್ಯಾಂಕಿಗೆ ಕೈಗೆಟುಕೋದಿಲ್ಲ. ಆಪ್ಷನ್ ಪಟ್ಟಿಯಲ್ಲಿ (ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆಯೋ ಪಟ್ಟಿ) ಅವುಗಳ ಕೆಳಗೆ ಏನು ಬರೀಬೇಕು ಅಂತ ಹುಡುಕಿದರೆ ಸಿಗೋದು ಬರೀ ಜಾಹೀರಾತು. ಹೆಸರು ಅಷ್ಟಾಗಿ ಕೇಳಿಬರದಿದ್ದರೂ ಓದು ಗಟ್ಟಿಯಾಗಿರೋ ಕಾಲೇಜನ್ನು ಗುರುತಿಸೋದು ಹೇಗೆ? ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದೊಳಗಿದೆ, ಹಾಗಾಗಿ ಶುಲ್ಕವನ್ನೂ ನೋಡಲೇಬೇಕು.

ಕಟಾಫ್ ಕಣಜ:
ಕಟಾಫ್ (ಒಂದು ಬ್ರಾಂಚ್‌ನಲ್ಲಿ ಸೀಟು ಸಿಕ್ಕ ಕೊನೆಯ ರ್ಯಾಂಕ್) ಅಂದರೆ ಬೇಡಿಕೆಯ ಅಳತೆ, ಪಾಠದ ಅಳತೆ ಅಲ್ಲ. ವಿಳಾಸ ಬೆಂಗಳೂರಿನದ್ದಾದರೆ, ಹೊಸ ಕಾಲೇಜಾದರೂ ಬೇಡಿಕೆ ಏರುತ್ತೆ. ಹಾಸನ, ಬಾಗಲಕೋಟೆ, ದಾವಣಗೆರೆಯಂಥ ಊರುಗಳಲ್ಲಿ ಅರವತ್ತು ವರ್ಷ ಹಳೆಯ ಕಾಲೇಜಿಗೂ ಅಷ್ಟು ಬೇಡಿಕೆ ಇರೋದಿಲ್ಲ. ಕಟಾಫ್ ಸಡಿಲವಾಗಿದ್ದು ಒಳಗಿನ ಅಂಕಿಅಂಶ ಗಟ್ಟಿಯಾಗಿರೋ ಜಾಗ ಯಾವುದು ಅನ್ನೋದೇ ನಿಮ್ಮ ಹುಡುಕಾಟ.

ಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಿಂದ ಹಿಂದಿನ ಎರಡು ವರ್ಷಗಳ ಎಂಜಿನಿಯರಿಂಗ್ ಕಟಾಫ್ ಪಿಡಿಎಫ್‌ಗಳನ್ನು ಇಳಿಸಿಕೊಳ್ಳಿ. ಪ್ರತಿ ಸುತ್ತಿಗೂ ಬೇರೆ ಬೇರೆ ಫೈಲ್ ಇರುತ್ತೆ, ಎಲ್ಲವನ್ನೂ ತಗೊಳ್ಳಿ. ಬಹಳ ಜನ ಜಿಎಂ (ಸಾಮಾನ್ಯ ವರ್ಗ) ಕಾಲಂ ಒಂದನ್ನೇ ನೋಡಿ ಕಾಲೇಜನ್ನು ಪಟ್ಟಿಯಿಂದ ಹೊಡೆದು ಹಾಕ್ತಾರೆ. ನಿಮ್ಮ ತಂಗಿಗೆ ಅನ್ವಯಿಸೋ ಕಾಲಂ ಆರು: ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ. 2ಎಜಿ ಅಂದರೆ 2ಎ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಈ ಆರರಲ್ಲಿ ಯಾವ ಕಾಲಂನಲ್ಲಿ ಸಿಕ್ಕರೂ ಅದು ಅವಳ ಸೀಟೇ.

ಆದರೆ ಚಿಕ್ಕ ಕಾಲಂಗಳನ್ನು ಪೂರ್ತಿ ನಂಬಿಕೊಂಡು ಕೂರಬೇಡಿ. ಲೆಕ್ಕ ಹಾಕಿ ನೋಡಿ. ಖಾಸಗಿ ಕಾಲೇಜಿನ 60 ಸೀಟಿನ ಬ್ರಾಂಚ್‌ನಲ್ಲಿ ಸರ್ಕಾರಿ ಕೋಟಾ ಶೇ. 45, ಅಂದರೆ 27 ಸೀಟು. ಅದರಲ್ಲಿ 2ಎಗೆ ಶೇ. 15, ಸುಮಾರು ನಾಲ್ಕು. ಆ ನಾಲ್ಕರೊಳಗೆ ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5 ಅಂದರೆ ಒಂದು ಸೀಟು ಇದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. 2ಎಕೆ ಕಾಲಂನಲ್ಲಿ ಕಾಣೋ ಸಂಖ್ಯೆ ಹೆಚ್ಚಾಗಿ ಒಬ್ಬನೇ ವಿದ್ಯಾರ್ಥಿಯ ರ್ಯಾಂಕ್. ಒಂದು ವರ್ಷ 90 ಸಾವಿರ ಇದ್ದದ್ದು ಮರುವರ್ಷ 35 ಸಾವಿರಕ್ಕೆ ಬಂದರೂ ಆಶ್ಚರ್ಯವಿಲ್ಲ. 2ಎಜಿಯನ್ನು ಆಧಾರ ಮಾಡಿಕೊಳ್ಳಿ, ಉಳಿದದ್ದು ಲಾಭ ಅಂದುಕೊಳ್ಳಿ.

41 ಸಾವಿರಕ್ಕೆ ನಾನಾದರೆ 25ರಿಂದ 75 ಸಾವಿರದವರೆಗೆ ಕಟಾಫ್ ಇದ್ದ ಎಲ್ಲ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಸಾಲುಗಳನ್ನೂ ಎಕ್ಸೆಲ್‌ಗೆ ತೆಗೀತೀನಿ. ಮೊದಲ ಸುತ್ತಿನ ರ್ಯಾಂಕ್ ಒಂದು ಕಾಲಂ, ಕೊನೆಯ ಸುತ್ತಿನದು ಇನ್ನೊಂದು. ಇವೆರಡರ ಅಂತರ ಜಾಸ್ತಿ ಇದ್ದರೆ ಅಲ್ಲಿ ಸೀಟು ಸಿಕ್ಕವರು ಬಿಟ್ಟು ಹೋಗ್ತಿದ್ದಾರೆ ಅಂತ ಅರ್ಥ. ಬೇರೆ ಒಳ್ಳೆ ಸೀಟು ಸಿಕ್ಕಿ ಹೋದರೋ, ಕಾಲೇಜು ನೋಡಿ ಓಡಿದರೋ ಅನ್ನೋದನ್ನು ವಿಚಾರಿಸಬೇಕು.

ಇನ್ನೊಂದು. ಒಂದು ಬ್ರಾಂಚ್‌ಗೆ ಇಷ್ಟೇ ಸೀಟು ಅಂತ ಇದ್ದ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2024-25ರಿಂದ ತೆಗೆದು ಹಾಕಿದೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಸೀಟು ಹೆಚ್ಚಿದ ಕಡೆ ಅದಕ್ಕೂ ಹಿಂದಿನ ಕಟಾಫ್‌ಗೆ ಬೆಲೆ ಇಲ್ಲ. ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಿನ ಯಾವ ಬ್ರಾಂಚ್‌ನಲ್ಲಿ ಎಷ್ಟು ಸೀಟು ಅನ್ನೋ ಪಟ್ಟಿ) ಬಂದ ಕೂಡಲೇ ಸೀಟಿನ ಸಂಖ್ಯೆಯನ್ನು ಹೋಲಿಸಿ.

ಪ್ರಯೋಗಾಲಯ:
ಒಳಗಿನ ಅಂಕಿಅಂಶ ಎಲ್ಲಿ ಸಿಗುತ್ತೆ ಅನ್ನೋದನ್ನು ನಾನು ಸೇರಿಸ್ತೀನಿ.

ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ರ್ಯಾಂಕಿಂಗ್ ಪಟ್ಟಿಯನ್ನು ಮರೆತುಬಿಡಿ. ಅದಕ್ಕೆ ಕಾಲೇಜು ಸಲ್ಲಿಸಿದ ದತ್ತಾಂಶದ ಪಿಡಿಎಫ್ ಇದೆಯಲ್ಲ, ಅದು ಮುಖ್ಯ. ರ್ಯಾಂಕ್ ಬಾರದ ಕಾಲೇಜೂ ಭಾಗವಹಿಸಿದ್ದರೆ ಸಾಮಾನ್ಯವಾಗಿ ತನ್ನ ಜಾಲತಾಣದಲ್ಲಿ ಹಾಕಿರುತ್ತೆ, ಎನ್ಐಆರ್‌ಎಫ್ ಅನ್ನೋ ಹೆಸರಿನ ಕೊಂಡಿ ಪುಟದ ತಳದಲ್ಲಿರುತ್ತೆ. ಅದರಲ್ಲಿ ನಾಲ್ಕು ವರ್ಷದ ಕೋರ್ಸಿನ ಕೋಷ್ಟಕ ತೆಗೀರಿ. ಒಂದು ಸಾಲು ಹೀಗಿದೆ ಎಂದಿಟ್ಟುಕೊಳ್ಳಿ: ಮೊದಲ ವರ್ಷಕ್ಕೆ ಸೇರಿದವರು 480, ಡಿಪ್ಲೊಮಾದಿಂದ ಎರಡನೇ ವರ್ಷಕ್ಕೆ ಬಂದವರು 40, ನಿಗದಿತ ಅವಧಿಯಲ್ಲಿ ಪದವಿ ಮುಗಿಸಿದವರು 390, ಕೆಲಸ ಸಿಕ್ಕವರು 214, ಉನ್ನತ ಓದಿಗೆ ಹೋದವರು 31, ಮಧ್ಯಾಂಕ ಸಂಬಳ ನಾಲ್ಕೂವರೆ ಲಕ್ಷ.

ಇಲ್ಲಿ ಎರಡು ಭಾಗಾಕಾರ ಮಾಡಿ. 520ರಲ್ಲಿ 390 ಅಂದರೆ ಶೇ. 75 ಜನ ಬಾಕಿ ಉಳಿಸಿಕೊಳ್ಳದೆ ಹೊರಬಂದಿದ್ದಾರೆ. 390ರಲ್ಲಿ 245 ಜನ, ಅಂದರೆ ಸುಮಾರು ಶೇ. 63, ಕೆಲಸಕ್ಕೋ ಓದಿಗೋ ಹೋಗಿದ್ದಾರೆ. ಅದೇ ಕಾಲೇಜಿನ ಬ್ಯಾನರಿನಲ್ಲಿ ಶೇ. 92 ಪ್ಲೇಸ್‌ಮೆಂಟ್ ಅಂತ ಇದ್ದರೂ ಇರಬಹುದು. ಅಲ್ಲಿ ಭಾಗಿಸೋದು ಪ್ಲೇಸ್‌ಮೆಂಟ್‌ಗೆ ಅರ್ಹರಾಗಿ ಹೆಸರು ನೋಂದಾಯಿಸಿದವರ ಸಂಖ್ಯೆಯಿಂದ. ಕೆಲವು ಕಡೆ ಒಬ್ಬರಿಗೆ ಬಂದ ಮೂರು ಆಫರ್‌ಗಳನ್ನು ಮೂರು ಅಂತಲೇ ಎಣಿಸಿರ್ತಾರೆ. ಗರಿಷ್ಠ ಪ್ಯಾಕೇಜ್ ಅನ್ನೋ ಸಂಖ್ಯೆಯನ್ನಂತೂ ಕಣ್ಣೆತ್ತಿಯೂ ನೋಡಬೇಡಿ.

ಅದೇ ಪಿಡಿಎಫ್‌ನ ಕೊನೆಗೆ ಅಧ್ಯಾಪಕರ ಪಟ್ಟಿ ಇರುತ್ತೆ: ವಿದ್ಯಾರ್ಹತೆ, ತಿಂಗಳಲ್ಲಿ ಅನುಭವ, ಸೇರಿದ ದಿನಾಂಕ. ಸೇರಿದ ದಿನಾಂಕದ ಮೇಲೆ ಬೆರಳಾಡಿಸಿಕೊಂಡು ಹೋಗಿ. ಅರ್ಧಕ್ಕರ್ಧ ಜನ ಕಳೆದ ಒಂದು ವರ್ಷದಲ್ಲಿ ಬಂದವರಾದರೆ ಅಲ್ಲಿ ಮೇಷ್ಟ್ರುಗಳು ನಿಲ್ಲುತ್ತಿಲ್ಲ. ಹತ್ತು ವರ್ಷ ದಾಟಿದವರು ಸಾಕಷ್ಟು ಕಂಡರೆ ಅದು ಗಟ್ಟಿ ಕಾಲೇಜು, ಸಣ್ಣ ಊರಲ್ಲಿದ್ದರೂ ಸರಿ. ಎಐಸಿಟಿಇ ಮಾನದಂಡ ಇಪ್ಪತ್ತು ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ. ತಲೆ ಎಣಿಸಿ ಅದನ್ನೂ ತಾಳೆ ನೋಡಬಹುದು.

ಈ ಅಂಕಿಗಳೆಲ್ಲ ಇಡೀ ಕಾಲೇಜಿನದ್ದು. ಬ್ರಾಂಚ್ ಮಟ್ಟಕ್ಕೆ ಎನ್‌ಬಿಎ ಅನ್ನೋ ಗುಣಮಟ್ಟದ ಮಾನ್ಯತೆ ನೋಡಬೇಕು. ನ್ಯಾಕ್ ಮಾನ್ಯತೆ ಕೊಡೋದು ಇಡೀ ಸಂಸ್ಥೆಗೆ, ಎನ್‌ಬಿಎ ಕೊಡೋದು ಬ್ರಾಂಚ್‌ಗೆ. ಕಾಲೇಜಿನ ಗೇಟಿನ ಮೇಲೆ ಎನ್‌ಬಿಎ ಅಂತ ಬರೆದಿದ್ದರೂ ಅದು ಮೆಕ್ಯಾನಿಕಲ್‌ಗೆ ಮಾತ್ರ ಇರಬಹುದು, ಅವಧಿ ಮುಗಿದೂ ಇರಬಹುದು. ಎನ್‌ಬಿಎ ಜಾಲತಾಣದಲ್ಲೇ ಎಲೆಕ್ಟ್ರಾನಿಕ್ಸ್ ಹೆಸರಿನ ಮುಂದೆ ಯಾವ ದಿನಾಂಕದವರೆಗೆ ಇದೆ ನೋಡಿ. ಕಾಲೇಜು ಎನ್‌ಬಿಎಗೆ ಕೊಟ್ಟ ತನ್ನ ಸ್ವಯಂ ಮೌಲ್ಯಮಾಪನ ವರದಿಯನ್ನು ಜಾಲತಾಣದಲ್ಲಿ ಹಾಕಿದ್ದರೆ ಅದರ ನಾಲ್ಕನೇ ಮಾನದಂಡದಲ್ಲಿ ಆ ಬ್ರಾಂಚ್‌ನ ಎಷ್ಟು ಮಂದಿ ಒಂದೂ ವಿಷಯ ಉಳಿಸಿಕೊಳ್ಳದೆ ಪಾಸಾದರು ಅನ್ನೋದು ಸಿಗುತ್ತೆ. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಪ್ರಾಮಾಣಿಕ ಸಂಖ್ಯೆ ಇನ್ನೊಂದಿಲ್ಲ.

ಸ್ವಾಯತ್ತ ಕಾಲೇಜಿನ ಪಾಸ್ ಶೇಕಡಾವಾರನ್ನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆ ಬರೆಯೋ ಕಾಲೇಜಿನ ಜೊತೆ ಹೋಲಿಸಬೇಡಿ, ಸ್ವಾಯತ್ತದಲ್ಲಿ ಪ್ರಶ್ನೆಪತ್ರಿಕೆಯೂ ಮೌಲ್ಯಮಾಪನವೂ ಅವರದ್ದೇ. ಬದಲಿಗೆ ಅವರ ಹಳೆಯ ಪ್ರಶ್ನೆಪತ್ರಿಕೆಯನ್ನೇ ನೋಡಿ. ಮೂರನೇ ಸೆಮಿಸ್ಟರಿನ ಅನಲಾಗ್ ಸರ್ಕ್ಯೂಟ್ಸ್ ಪತ್ರಿಕೆಯಲ್ಲಿ ಬರೀ ‘ವಿವರಿಸಿ’, ‘ಟಿಪ್ಪಣಿ ಬರೆಯಿರಿ’ ಇದೆಯೋ, ಇಷ್ಟು ಗೇನ್ ಬರೋ ಆಂಪ್ಲಿಫೈಯರ್ ವಿನ್ಯಾಸ ಮಾಡಿ ಅನ್ನೋ ಥರದ್ದೂ ಇದೆಯೋ? ಅಲ್ಲಿ ಏನು ಕಲಿಸ್ತಾರೆ ಅನ್ನೋದು ಆ ಒಂದು ಹಾಳೆಯಲ್ಲೇ ಗೊತ್ತಾಗುತ್ತೆ.

ತುಂಗಾತೀರ:
ಇಬ್ಬರಿಗೂ ಧನ್ಯವಾದ. ಎಕ್ಸೆಲ್ ಶುರು ಮಾಡಿದ್ದೀನಿ. ಎಲ್ಲಿಂದ ನೋಡೋಕೆ ಶುರು ಮಾಡಲಿ, ಒಂದಷ್ಟು ಹೆಸರು ಹೇಳ್ತೀರಾ? ಶುಲ್ಕದ ಬಗ್ಗೆಯೂ.

ಬಯಲುಸೀಮೆ:
ಶುಲ್ಕದಿಂದಲೇ ಶುರು ಮಾಡೋಣ, ಯಾಕಂದರೆ ಜನ ಗಮನಿಸದೆ ಬಿಡೋ ಕಾಲೇಜುಗಳು ಅಲ್ಲೇ ಇವೆ. ರಾಜ್ಯದಲ್ಲಿ ಅನುದಾನಿತ ಎಂಜಿನಿಯರಿಂಗ್ ಕಾಲೇಜು ಅಂತ ಒಂದು ಗುಂಪಿದೆ. ಅವುಗಳ ಕೆಲವು ಹಳೆಯ ಬ್ರಾಂಚ್‌ಗಳಿಗೆ ಸರ್ಕಾರದ ಅನುದಾನ ಇರೋದರಿಂದ ಶುಲ್ಕ ಸರ್ಕಾರಿ ಕಾಲೇಜಿನ ಮಟ್ಟದಲ್ಲಿರುತ್ತೆ, ಕೆಇಎ ಮೂಲಕ ಹಂಚೋ ಸೀಟೂ ಜಾಸ್ತಿ. ಬೆಂಗಳೂರು, ಮೈಸೂರಿನವು ನಿಮಗೂ ಗೊತ್ತಿರುತ್ತೆ. ಅವುಗಳಾಚೆ ಹಾಸನದ ಮಲ್ನಾಡ್ ಕಾಲೇಜು (1960), ಮಂಡ್ಯದ ಪಿಇಎಸ್ (1962), ಬಾಗಲಕೋಟೆಯ ಬಸವೇಶ್ವರ (1963), ಕಲಬುರಗಿಯ ಪಿಡಿಎ (1958) ಇವೆ. ಒಂದೇ ಕಾಲೇಜಿನಲ್ಲಿ ಒಂದು ಬ್ರಾಂಚ್ ಅನುದಾನಿತ, ಪಕ್ಕದ್ದು ಅಲ್ಲ ಅನ್ನೋ ಸ್ಥಿತಿ ಸಾಮಾನ್ಯ. ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಯಾವುದು ಯಾವುದು ಅಂತ ನೋಡಿಕೊಂಡೇ ಆಪ್ಷನ್ ಹಾಕಿ, ಇಲ್ಲದಿದ್ದರೆ ಶುಲ್ಕ ನೋಡಿ ಗಾಬರಿಯಾಗಬೇಕಾಗುತ್ತೆ.

ಪಿಡಿಎ ವಿಷಯದಲ್ಲಿ ಒಂದು ಎಚ್ಚರ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಆ ಭಾಗದವರಿಗೆ. ನೀವು ಹೊರಗಿನವರಾದರೆ ಉಳಿದ ಸೀಟಿನ ಕಾಲಂ ಮಾತ್ರ ಓದಬೇಕು. ಆ ಭಾಗದವರಿಗೆ ಹೊರಗಿನ ಕಾಲೇಜುಗಳಲ್ಲಿ ಶೇ. 8 ಇದೆ.

ಸರ್ಕಾರಿ ಸಾಲಿನಲ್ಲಿ ದಾವಣಗೆರೆಯ ಯುಬಿಡಿಟಿ ನೋಡಿ, 1951ರಲ್ಲಿ ಶುರುವಾದದ್ದು, ಈಗ ವಿಟಿಯುವಿನ ಅಂಗ ಕಾಲೇಜು. ಬೆಂಗಳೂರಿನಲ್ಲೇ ಎಸ್‌ಕೆಎಸ್‌ಜೆಟಿಐ ಇದೆ. ಜವಳಿ ಕಾಲೇಜು ಅಂದುಕೊಂಡು ಜನ ದಾಟಿ ಹೋಗ್ತಾರೆ, ಅಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಎರಡೂ ಇವೆ. ಹಾಸನ, ಹಾವೇರಿ, ಕಾರವಾರ, ರಾಮನಗರ, ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶುಲ್ಕ ಕಡಿಮೆ. ಅಲ್ಲಿ ಕೇಳಬೇಕಾದ ಪ್ರಶ್ನೆ: ಈ ಬ್ರಾಂಚ್‌ನಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಖಾಸಗಿಯಲ್ಲಿ ಧಾರವಾಡದ ಎಸ್‌ಡಿಎಂ, ದಾವಣಗೆರೆಯ ಬಿಐಇಟಿ, ತುಮಕೂರಿನ ಸಿದ್ಧಗಂಗಾ, ಶಿವಮೊಗ್ಗದ ಜೆಎನ್‌ಎನ್ ಇವನ್ನು ಮೇಲಿನ ಪರೀಕ್ಷೆಗಳಿಗೆ ಒಡ್ಡಿ ನೋಡಿ. ನಾನು ಹೇಳಿದೆ ಅಂತ ಸುಮ್ಮನೆ ಸೇರಿಸಬೇಡಿ.

ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಮರೆಯಬೇಡಿ. ಶೇ. 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ, ಆದಾಯ ಎಂಟು ಲಕ್ಷದೊಳಗಿರಬೇಕು. ಇದನ್ನು ಅರ್ಜಿಯಲ್ಲೇ ಕೋರಿರಬೇಕು. ಅವಳ ವೆರಿಫಿಕೇಷನ್ ಸ್ಲಿಪ್‌ನಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ, ಎಸ್‌ಎನ್‌ಕ್ಯೂ ಮೂರೂ ‘ಹೌದು’ ಅಂತ ಇದೆಯಾ ಇವತ್ತೇ ನೋಡಿ. ಅಲ್ಲಿ ಇಲ್ಲದಿದ್ದರೆ ಕಟಾಫ್ ಕಣಜ ಹೇಳಿದ ಆರು ಕಾಲಂ ಎರಡಕ್ಕೆ ಇಳಿಯುತ್ತೆ.

ಕರಾವಳಿ ಕೋಡ್:
ಒಂದು ಭಿನ್ನಾಭಿಪ್ರಾಯ. ಹಳೆಯದು, ಸಣ್ಣ ಊರಿನದ್ದು ಅನ್ನೋದೇ ಅರ್ಹತೆ ಆಗಬಾರದು. ಹೊರ ಊರಿನ ಕಾಲೇಜಿಗೆ ಕಂಪನಿಗಳು ಬಂದರೂ ಹೆಚ್ಚಿನವು ಸಾಫ್ಟ್‌ವೇರ್ ಸೇವೆಯವು. ಎಲೆಕ್ಟ್ರಾನಿಕ್ಸ್ ಓದಿ ಚಿಪ್ ವಿನ್ಯಾಸದಂಥ ಕೆಲಸಕ್ಕೇ ಹೋಗಬೇಕು ಅನ್ನೋರಿಗೆ ಇಂಟರ್ನ್‌ಶಿಪ್ ಮುಖ್ಯ, ಅಂಥ ಕಂಪನಿಗಳು ಹೆಚ್ಚಾಗಿರೋದು ಬೆಂಗಳೂರಿನಲ್ಲೇ. ಅದಕ್ಕೆ ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ ಒಂದು ಸೆಮಿಸ್ಟರ್ ಪೂರ್ತಿ ಹೊರಗೆ ಬಿಡ್ತಾರಾ, ಹಿಂದಿನ ವರ್ಷ ಯಾರ್ಯಾರು ಎಲ್ಲಿಗೆ ಹೋದರು ಅಂತ ವಿಭಾಗಕ್ಕೇ ಫೋನ್ ಮಾಡಿ ಕೇಳಿ. ಪ್ರವೇಶ ಕಚೇರಿಗೆ ಮಾಡಬೇಡಿ, ಅಲ್ಲಿ ಸಿಗೋದು ಬ್ರೋಷರಿನ ಮಾತು.

ಹೊಸ ಹೆಸರಿನ ಬ್ರಾಂಚ್‌ಗಳ ಬಗ್ಗೆಯೂ ಹುಷಾರು. ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ ಅಂತ ಶುರುವಾಗಿ ಎರಡು ಬ್ಯಾಚ್ ಹೊರಬಿದ್ದಿಲ್ಲ ಅಂದರೆ ಎನ್‌ಬಿಎಗೆ ಅರ್ಜಿ ಹಾಕೋಕೇ ಆಗಲ್ಲ, ಪ್ಲೇಸ್‌ಮೆಂಟ್ ಅಂಕಿಯೂ ಇರಲ್ಲ. ಅಂಥ ಬ್ರಾಂಚ್‌ನ ಕಟಾಫ್ ಸಡಿಲ ಇದ್ದರೆ ಅದನ್ನು ಅಡಗಿದ ನಿಧಿ ಅಂದುಕೊಳ್ಳಬೇಡಿ. ಅದೇ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸಿಗೋ ಹಾಗಿದ್ದರೆ ನಾನು ಅದನ್ನೇ ಮೇಲೆ ಹಾಕ್ತೀನಿ.

ಕಟಾಫ್ ಕಣಜ:
ಕರಾವಳಿ ಕೋಡ್ ಅವರ ಮಾತು ಸರಿ. ಈಗ ಕ್ರಮದ ವಿಚಾರ, ಜನ ಎಡವೋದು ಅಲ್ಲೇ.

ಆಪ್ಷನ್ ಕ್ರಮ ಪೂರ್ತಿ ಇಷ್ಟದ ಕ್ರಮ ಆಗಿರಬೇಕು, ಸಿಗೋ ಸಾಧ್ಯತೆಯ ಕ್ರಮ ಅಲ್ಲ. ಹಂಚಿಕೆ ನಡೆಯೋದು ರ್ಯಾಂಕ್ ಪ್ರಕಾರ. ಅವಳ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದಿ ಮೊದಲು ಸಿಗೋದನ್ನು ಕೊಡ್ತಾರೆ. ಸಿಗದ ಕಾಲೇಜನ್ನು ಮೇಲೆ ಹಾಕಿದ್ದರಿಂದ ಕೆಳಗಿನದ್ದಕ್ಕೆ ಏನೂ ನಷ್ಟ ಇಲ್ಲ. ನಷ್ಟ ಆಗೋದು ‘ಖಂಡಿತ ಸಿಗುತ್ತೆ’ ಅನ್ನೋದನ್ನು ಮೇಲೆ ಹಾಕಿದಾಗ: ಅದು ಸಿಕ್ಕಿಬಿಡುತ್ತೆ, ಅದರ ಕೆಳಗಿದ್ದ ಒಳ್ಳೆಯವು ಮುಂದಿನ ಸುತ್ತಿಗೆ ಅಳಿಸಿ ಹೋಗುತ್ತವೆ. ಅದೇ ಕಾರಣಕ್ಕೆ ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿ ಉದ್ದ ಮಾಡಲು ಹಾಕಲೇಬೇಡಿ.

ಈ ರ್ಯಾಂಕಿಗೆ 40ರಿಂದ 60 ಆಪ್ಷನ್ ಇರಲಿ. ಅವುಗಳಲ್ಲಿ ಕನಿಷ್ಠ ಹತ್ತು, ಹಿಂದಿನ ಎರಡೂ ವರ್ಷ ಮೊದಲ ಸುತ್ತಿನಲ್ಲೇ 2ಎಜಿಯಲ್ಲಿ 55 ಸಾವಿರದಾಚೆ ಕಟಾಫ್ ಇದ್ದವು ಆಗಿರಲಿ. ನಿಜವಾದ ಹಂಚಿಕೆಗೂ ಮುಂಚೆ ನಡೆಯೋ ಅಣಕು ಹಂಚಿಕೆಯಲ್ಲಿ ಏನು ಬಂತು ನೋಡಿ, ಪಟ್ಟಿಯ ಮೊದಲ ಐದರಲ್ಲೇ ಏನಾದರೂ ಸಿಕ್ಕಿದ್ದರೆ ಮೇಲೆ ಇನ್ನಷ್ಟು ಸೇರಿಸಲು ಜಾಗ ಇದೆ ಅಂತ ಅರ್ಥ. ಕಾಲಾವಕಾಶ ಮುಗಿಯೋದರೊಳಗೆ ತಿದ್ದಬಹುದು.

ಮೊದಲ ಸುತ್ತಿನಲ್ಲಿ ತೃಪ್ತಿಯಿಲ್ಲದ ಸೀಟು ಬಂದರೆ ಚಾಯ್ಸ್ 2: ಅದನ್ನು ಹಿಡಿದುಕೊಂಡೇ ಮೇಲಿನ ಆಪ್ಷನ್‌ಗೆ ಕಾಯೋದು. ಮೇಲಿನದ್ದು ಸಿಕ್ಕರೆ ಹಿಡಿದಿದ್ದ ಸೀಟು ತಾನಾಗಿ ರದ್ದು, ಮತ್ತೆ ವಾಪಸ್ ಬರಲ್ಲ. ಹಾಗಾಗಿ ಚಾಯ್ಸ್ ಕೊಡೋ ಮುಂಚೆ ಆ ಸೀಟಿಗಿಂತ ಮೇಲಿರೋ ಪ್ರತಿಯೊಂದೂ ನಿಜಕ್ಕೂ ಅದಕ್ಕಿಂತ ಬೇಕಾದದ್ದೇನಾ ಅಂತ ಪರಿಶೀಲಿಸಿ. ಯಾವ ಚಾಯ್ಸ್‌ಗೆ ಎಷ್ಟು ಹಣ ಮೊದಲೇ ಕಟ್ಟಬೇಕು ಅನ್ನೋ ನಿಯಮ ವರ್ಷ ವರ್ಷ ಬದಲಾಗುತ್ತೆ, ಈ ವರ್ಷದ ಕೆಇಎ ಸೂಚನೆಯನ್ನೇ ಓದಿ.

ಸೈಬರ್ ಸೆಂಟರ್‌ನಲ್ಲಿ ಎಂಟ್ರಿ ಮಾಡಿಸೋದಾದರೆ ಪಾಸ್‌ವರ್ಡ್ ನೀವೇ ಟೈಪ್ ಮಾಡಿ, ಒಟಿಪಿ ಬರೋ ಫೋನ್ ನಿಮ್ಮ ಕೈಯಲ್ಲೇ ಇರಲಿ. ಕೊನೆಗೆ ಪಟ್ಟಿಯ ಪ್ರಿಂಟ್ ತೆಗೆದು ಕಾಲೇಜು ಕೋಡ್, ಬ್ರಾಂಚ್ ಕೋಡ್ ಎರಡನ್ನೂ ನಿಮ್ಮ ಎಕ್ಸೆಲ್ ಜೊತೆ ಒಂದೊಂದು ಸಾಲೂ ತಾಳೆ ಹಾಕಿ.