ಲಕ್ಕುಂಡಿಯ ಪ್ರೇಮಕಥೆಗೆ ಬೆನ್ನುಡಿ ಹೇಗಿರಬೇಕು?

ಓಲೆಗರಿ (ಗದಗ):
ಎಲ್ಲರಿಗೂ ನಮಸ್ಕಾರ. ನನ್ನ ಎರಡನೇ ಕಾದಂಬರಿ ಇನ್ನೇನು ಅಚ್ಚಿಗೆ ಹೋಗಬೇಕು. ಹೆಸರು ಪಕ್ಕಾ ಆಗಿಲ್ಲ. ಲಕ್ಕುಂಡಿಯ (ಆಗಿನ ಹೆಸರು ಲೊಕ್ಕಿಗುಂಡಿ) ಕಥೆ. ಅತ್ತಿಮಬ್ಬೆ ಅಲ್ಲಿ ಬಸದಿ ಕಟ್ಟಿಸಿದ ಕಾಲ, ಅಂದರೆ ಕ್ರಿ.ಶ. 1007ರ ಆಸುಪಾಸು. ಬೆನ್ನುಡಿ ಹೀಗೆ ಬರೆದಿದ್ದೇನೆ:

"ಕಲ್ಯಾಣದ ಚಾಲುಕ್ಯರ ವೈಭವದ ದಿನಗಳು. ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿ ದಿಕ್ಕುದಿಕ್ಕಿಗೆ ಹಬ್ಬಿದ ಕಾಲ. ಕಲ್ಲೇ ಕವಿತೆಯಾದ ಲೊಕ್ಕಿಗುಂಡಿಯಲ್ಲಿ ಧರ್ಮ, ಶೌರ್ಯ, ತ್ಯಾಗಗಳ ರೋಮಾಂಚಕ ಗಾಥೆ. ಅದರ ನಡುವೆ ಅರಳಿದ ಒಂದು ಕೋಮಲ ಪ್ರೇಮ."

ಓದಿದರೆ ಪುಸ್ತಕ ಕೈಗೆತ್ತಿಕೊಳ್ಳಬೇಕು ಅನ್ನಿಸುತ್ತದಾ? ಮುಲಾಜಿಲ್ಲದೆ ಹೇಳಿ.

ರಾತ್ರಿ ಓದುಗಿ (ಹುಬ್ಬಳ್ಳಿ):
ಅಕ್ಕಾ, ಮುಲಾಜು ಬೇಡ ಅಂದಿದ್ದೀರಿ, ಹಾಗಾಗಿ ಹೇಳುತ್ತೇನೆ. ಇದನ್ನು ಓದಿದರೆ ಲಕ್ಕುಂಡಿಗೆ ಹೋಗಿ ಬರಬೇಕು ಅನ್ನಿಸುತ್ತದೆ, ಕಾದಂಬರಿ ಓದಬೇಕು ಅನ್ನಿಸುವುದಿಲ್ಲ. ಯಾರು ಯಾರನ್ನು ಪ್ರೀತಿಸುತ್ತಾರೆ? ಅಡ್ಡ ಬರುವುದು ಏನು? ಒಂದೂ ಇಲ್ಲ. ಬರೀ ವೈಭವ.

ಮಾಳಮಡ್ಡಿ ಮಾಸ್ತರ (ಧಾರವಾಡ):
ತಂಗಿ, ವಿಷಯ ಚೆನ್ನಾಗಿದೆ. ಆದರೆ ಒಂದು ಮಾತು. 1007ರಲ್ಲಿ ರಾಜಧಾನಿ ಇನ್ನೂ ಕಲ್ಯಾಣಕ್ಕೆ ಹೋಗಿರಲಿಲ್ಲ, ಮಳಖೇಡದಲ್ಲೇ ಇತ್ತು. ಪಟ್ಟದಲ್ಲಿದ್ದವನು ಸತ್ಯಾಶ್ರಯ. 'ಕಲ್ಯಾಣದ ಚಾಲುಕ್ಯರು' ಅಂತ ವಂಶಕ್ಕೆ ಕರೆಯುವುದು ಸರಿಯೇ. ಆದರೆ ಒಳಗೆ ಪಾತ್ರಗಳು ಕಲ್ಯಾಣದ ಅರಮನೆಗೆ ಹೋಗಿ ಬರುತ್ತಿದ್ದರೆ ಕಷ್ಟ.

ಓಲೆಗರಿ:
ಹೋಗುವುದಿಲ್ಲ ಸರ್. ನನ್ನ ಕಥೆಯಲ್ಲಿ ಅರಮನೆಯೇ ಇಲ್ಲ.

ರಾತ್ರಿ ಓದುಗಿ:
ಅರಮನೆ ಇಲ್ಲದ ಕಥೆಗೆ ಬೆನ್ನುಡಿಯಲ್ಲಿ ಇಷ್ಟು ವೈಭವ ಯಾಕಕ್ಕಾ? ಒಳಗೆ ಏನಿದೆ, ಸ್ವಲ್ಪ ಹೇಳಿ ನೋಡೋಣ.

ಓಲೆಗರಿ:
ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಕಥೆ ಅಲ್ಲಿಂದ ಶುರು. ಸಾವಿರ ಪ್ರತಿ ಅಂದರೆ ಎಷ್ಟು ಗರಿ, ಎಷ್ಟು ಕೈ ಬೇಕು! ನಮ್ಮ ಎರೆಭೂಮಿಯಲ್ಲಿ ಶ್ರೀತಾಳೆ ಬೆಳೆಯುವುದಿಲ್ಲ. ಗರಿ ಘಟ್ಟದ ಕಡೆಯಿಂದ ಬರಬೇಕು. ಹೇರೆತ್ತುಗಳ ಮೇಲೆ ಅದನ್ನು ತರುವವನು ಹುಡುಗ. ಮುಗಿದ ಪ್ರತಿಗಳನ್ನು ದೂರದ ಬಸದಿಗಳಿಗೆ ಮುಟ್ಟಿಸುವವನೂ ಅವನೇ.

ಹುಡುಗಿ ಓಲೆ ಬರೆಯುವವರ ಮನೆಯವಳು. ಗರಿ ಬೇಯಿಸಬೇಕು, ಒಣಗಿಸಬೇಕು, ಉಜ್ಜಿ ನಯ ಮಾಡಬೇಕು, ದಾರಕ್ಕೆ ತೂತು ಕೊರೆಯಬೇಕು. ಅಪ್ಪ ಕಂಟದಿಂದ ಅಕ್ಷರ ಕೊರೆಯುತ್ತಾನೆ. ಕೊರೆದ ಅಕ್ಷರ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಮಸಿ ಸವರಿ ಒರೆಸಿದರೆ ಮಾತ್ರ ಎದ್ದು ಕಾಣುತ್ತದೆ. ಮಸಿ ಹಚ್ಚುವ ಕೆಲಸ ಇವಳದು. ಅಪ್ಪ ಮಲಗಿದ ಮೇಲೆ ಒಂದು ಗರಿಯ ಅಂಚಿಗೆ ತನ್ನದೊಂದು ಸಾಲು ಕೊರೆಯುತ್ತಾಳೆ. ಅದಕ್ಕೆ ಮಸಿ ಹಚ್ಚುವುದಿಲ್ಲ. ದಾರಿಯಲ್ಲಿ ಅವನು ದೀಪದ ಮಸಿ ಹಚ್ಚಿ ಓದಿಕೊಳ್ಳಬೇಕು. ಹೀಗೆ ಪ್ರತಿ ಸಲ ಒಂದು ಸಾಲು. ಒಂದು ಪ್ರತಿ ಮಾತ್ರ ಅವನ ಕೈ ಸೇರುವ ಮೊದಲು ಅತ್ತಿಮಬ್ಬೆಯ ಕೈಗೆ ಹೋಗುತ್ತದೆ.

ರಾತ್ರಿ ಓದುಗಿ:
ಅಯ್ಯೋ! ಇಷ್ಟು ಒಳ್ಳೆಯದನ್ನು ಒಳಗಿಟ್ಟುಕೊಂಡು ಹೊರಗೆ 'ಕೋಮಲ ಪ್ರೇಮ' ಅಂತ ಬರೆದಿದ್ದೀರಲ್ಲ! ಈಗ ಹೇಳಿದ್ದನ್ನೇ ಹಾಗೇ ಹಾಕಿ.

ಬ್ಯಾಡಗಿ ಖಾರ (ಹಾವೇರಿ):
ನನ್ನದೂ ಅದೇ ಮಾತು. ಆದರೆ ಅಕ್ಕಾರೇ, ಒಂದು ಪರೀಕ್ಷೆ. ಹೇರೆತ್ತಿನ ಹುಡುಗ ದಾರಿಯಲ್ಲಿ ಬುತ್ತಿ ಬಿಚ್ಚುತ್ತಾನಲ್ಲ, ಅದರಲ್ಲಿ ಏನಿದೆ?

ಓಲೆಗರಿ:
ಜೋಳದ ರೊಟ್ಟಿ, ಮೊಸರು, ಬೆಲ್ಲ, ಎಳ್ಳಿನ ಪುಡಿ. ಖಾರಕ್ಕೆ ಕರಿಮೆಣಸು.

ಬ್ಯಾಡಗಿ ಖಾರ:
ಪಾಸು! ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ಬಂದಿದ್ದು 16ನೇ ಶತಮಾನದಲ್ಲಿ. ಶೇಂಗಾ ಕೂಡ ಅಮೆರಿಕ ಖಂಡದ್ದೇ. ಆದರೂ ರಾಷ್ಟ್ರಕೂಟರ ಸೈನಿಕರು ಕೆಂಪು ಚಟ್ನಿ, ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುವ ಕಥೆ ಓದಿದ್ದೇನೆ. ನಮ್ಮ ಬ್ಯಾಡಗಿ ಮೇಲೆ ಅಭಿಮಾನ ನನಗೂ ಉಂಟು, ಆದರೆ ಅಷ್ಟು ಹಿಂದಕ್ಕೆ ಎಳೆಯಬಾರದು.

ಮಾಳಮಡ್ಡಿ ಮಾಸ್ತರ:
ಚಟ್ನಿ ಸಣ್ಣ ವಿಷಯ. ನನ್ನ ತಕರಾರು ದೊಡ್ಡದು. ಅತ್ತಿಮಬ್ಬೆ ಕಟ್ಟುಕಥೆಯ ಪಾತ್ರ ಅಲ್ಲ. ಬಸದಿ ಕಟ್ಟಿಸಿದ್ದಕ್ಕೆ ಲಕ್ಕುಂಡಿಯಲ್ಲೇ 1007ರ ಶಾಸನ ಇದೆ. ಆಕೆಯ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣ ಬರೆದ. ಗಂಡ ನಾಗದೇವ ತೀರಿಕೊಂಡ. ಅದೇ ಗಂಡನನ್ನು ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ಇಷ್ಟು ದಾಖಲೆ ಇರುವ ಹೆಣ್ಣುಮಗಳನ್ನು ತಂದು, ಆಕೆ ದಾನ ಕೊಡುವ ಪುರಾಣದ ಗರಿಯ ಅಂಚಿನಲ್ಲೇ ಪ್ರೇಮದ ಸಾಲು ಬರೆಸುತ್ತೀರಿ. ಹತ್ತು ವರ್ಷದ ನಂತರ ಯಾರಾದರೂ ಭಾಷಣದಲ್ಲಿ 'ಅತ್ತಿಮಬ್ಬೆ ಪ್ರೇಮಿಗಳನ್ನು ಕೂಡಿಸಿದಳು' ಅಂತ ಹೇಳುತ್ತಾರೆ. ಆಗ ನೀವು ಎಲ್ಲಿ ಹೋಗಿ ತಿದ್ದುತ್ತೀರಿ?

ಕಾದಂಬರಿ ಬರೆಯಬೇಡಿ ಅಂತಲ್ಲ. ಯಾವುದು ಶಾಸನ, ಯಾವುದು ನಿಮ್ಮ ಕಲ್ಪನೆ ಅಂತ ಮೊದಲ ಪುಟದಲ್ಲೇ ಹೇಳಿಬಿಡಿ. ಓದುಗರಿಗೆ ಪುಸ್ತಕ ಪರಿಚಯಿಸುವಾಗಲೂ ಮೊದಲು ಅದನ್ನೇ ಹೇಳಿ.

ರಾತ್ರಿ ಓದುಗಿ:
ಸರ್, ಗದಗದ ವೀರನಾರಾಯಣ ಗುಡಿಯಲ್ಲಿ ಇಂದಿಗೂ ಒಂದು ಕಂಬ ತೋರಿಸಿ 'ಕುಮಾರವ್ಯಾಸ ಇಲ್ಲಿ ಕೂತು ಬರೆದ' ಅನ್ನುತ್ತಾರೆ. ಯಾರಿಗಾದರೂ ನಷ್ಟ ಆಯಿತಾ? ಎಷ್ಟೋ ಜನ ಆ ಕಂಬ ನೋಡಿ ಬಂದ ಮೇಲೆ ಭಾರತ ಓದಲು ಹಿಡಿದಿರಬಹುದು.

ಮಾಳಮಡ್ಡಿ ಮಾಸ್ತರ:
ಆ ಕಂಬದ ಮಾತು ತಲೆಮಾರುಗಳಿಂದ ಜನರ ಬಾಯಲ್ಲಿ ಬಂದದ್ದು. ಇದು ಒಬ್ಬರು ಕೂತು ಹೊಸೆದದ್ದು. ಎರಡಕ್ಕೂ ಫರಕು ಇದೆ.

ಅಂಗಡಿ ಕಾಕಾ (ಹುಬ್ಬಳ್ಳಿ, ಪುಸ್ತಕ ವ್ಯಾಪಾರ):
ನಾನು ಗಲ್ಲಾಪೆಟ್ಟಿಗೆ ಹಿಂದೆ ಕೂತು ನೋಡಿದ್ದನ್ನು ಹೇಳುತ್ತೇನೆ. ಐತಿಹಾಸಿಕ ಕಾದಂಬರಿ ಕೈಯಲ್ಲಿ ಹಿಡಿದ ಗಿರಾಕಿ ಮೊದಲು ಕೇಳುವುದು 'ಇದು ಖರೇನೇ ಆಗಿದ್ದಾ?' ಅಂತ. ನಾನು 'ಸ್ವಲ್ಪ ಖರೆ, ಸ್ವಲ್ಪ ಕಥೆ' ಅಂದರೆ ಹಾಗೇ ವಾಪಸ್ ಇಟ್ಟವರು ಕಡಿಮೆ. 'ಯಾವುದು ಖರೆ, ಹಿಂದೆ ಬರೆದಿದ್ದಾರೆ ನೋಡ್ರಿ' ಅಂದರೆ ಇನ್ನೂ ಖುಷಿಯಿಂದ ಒಯ್ಯುತ್ತಾರೆ. ಮಾಸ್ತರರ ಮಾತು ವ್ಯಾಪಾರಕ್ಕೂ ಒಳ್ಳೆಯದೇ.

ಆದರೆ ಮೊದಲ ಪುಟದಲ್ಲಿ ಬೇಡ. ನಿಂತಲ್ಲೇ ಓದುವವರು ಒಂದು ಪುಟ ಓದುತ್ತಾರೆ, ಜಾಸ್ತಿ ಅಂದರೆ ಎರಡು. ಅದು ಕಥೆಯ ಪುಟ ಆಗಿರಬೇಕು. ಈಗಿನ ಪುಸ್ತಕ ತೆರೆದರೆ ಮುನ್ನುಡಿ, ಆಶಯನುಡಿ, ಪ್ರಕಾಶಕರ ಮಾತು, ಲೇಖಕರ ಮಾತು, ಕೃತಜ್ಞತೆ. ಕಥೆ ಸಿಗುವಷ್ಟರಲ್ಲಿ ಗಿರಾಕಿಯ ಬಸ್ ಬಂದಿರುತ್ತದೆ.

ನರಗುಂದದವ (ಧಾರವಾಡ):
ನಾನೂ ಒಂದು ಕಾದಂಬರಿ ಮುಗಿಸಿದ್ದೇನೆ. 1858ರ ನರಗುಂದ ಬಂಡಾಯ. ಅಕ್ಕನವರಿಗೆ ಇರುವ ಸಡಿಲ ನನಗಿಲ್ಲ. ಮೇ 29ರಂದು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಕೊಲೆ. ಜೂನ್ 12ಕ್ಕೆ ಬೆಳಗಾವಿಯಲ್ಲಿ ನರಗುಂದದ ಅರಸ ಭಾಸ್ಕರರಾಯರಿಗೆ ಗಲ್ಲು. ನಡುವೆ ಇರುವುದು ಎರಡು ವಾರ. ಯಾವ ದಿನ ಏನಾಯಿತು ಎಂಬುದನ್ನು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಅರಸನ ತಾಯಿ, ಹೆಂಡತಿ ಮಲಪ್ರಭೆಗೆ ಹಾರಿ ಜೀವ ಬಿಟ್ಟರು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ.

ನನಗೆ ಒಬ್ಬರು ಸಲಹೆ ಕೊಟ್ಟರು: ಭಾಸ್ಕರರಾಯರಿಗೇ ಒಂದು ಪ್ರೇಮ ಪ್ರಸಂಗ ಇಡಿ, ಪುಸ್ತಕ ಓಡುತ್ತದೆ. ನಾನು ಒಪ್ಪಲಿಲ್ಲ. ಪ್ರೇಮ ಇದೆ, ಆದರೆ ಕೋಟೆಯ ಕಾವಲಿನ ಒಬ್ಬ ಹುಡುಗ, ಪೇಟೆಯ ಒಬ್ಬ ಹುಡುಗಿ. ಹೆಸರಿಲ್ಲದ ಜನ. ಯಾವ ದಾಖಲೆಯಲ್ಲೂ ಅವರಿಲ್ಲ. ಹಾಗಾಗಿ ನಾನು ಯಾರ ಮೇಲೂ ಏನನ್ನೂ ಹೊರಿಸಿದಂತಾಗಲಿಲ್ಲ. ಓಲೆಗರಿ ಅವರೂ ಪ್ರೇಮಿಗಳ ವಿಷಯದಲ್ಲಿ ಅದನ್ನೇ ಮಾಡಿದ್ದಾರೆ. ತಕರಾರು ಇರುವುದು ಅತ್ತಿಮಬ್ಬೆ ಗರಿ ನೋಡುವ ಆ ಒಂದು ದೃಶ್ಯಕ್ಕೆ ಮಾತ್ರ ಅಲ್ವಾ ಸರ್?

ಮಾಳಮಡ್ಡಿ ಮಾಸ್ತರ:
ಹೌದು. ಅಷ್ಟಕ್ಕೇ.

ರಾತ್ರಿ ಓದುಗಿ:
ನರಗುಂದದ ಅಣ್ಣಾ, ನಿಮ್ಮ ಬೆನ್ನುಡಿಯಲ್ಲಿ ಆ ಹುಡುಗ ಹುಡುಗಿ ಇದ್ದಾರಾ?

ನರಗುಂದದವ:
ಇಲ್ಲ. 'ಕೆಚ್ಚೆದೆಯ ಬಂಡಾಯ' ಅಂತ ಇದೆ.

ರಾತ್ರಿ ಓದುಗಿ:
ನೋಡಿದ್ರಾ! ನೀವು ಇಬ್ಬರೂ ಪ್ರೇಮಕಥೆ ಬರೆದಿದ್ದೀರಿ. ಇಬ್ಬರೂ ಮುಚ್ಚಿಡುತ್ತೀರಿ. 'ಪ್ರತಿಲಿಪಿ' ಆ್ಯಪ್‌ನಲ್ಲಿ ಧಾರಾವಾಹಿ ಬರೆಯುವ ಹೆಣ್ಣುಮಕ್ಕಳು 'ಇದು ಪ್ರೇಮಕಥೆ' ಅಂತ ನೇರವಾಗಿ ಹೇಳಿಯೇ ಶುರು ಮಾಡುತ್ತಾರೆ. ಅವರ ಓದುಗರು ಮುಂದಿನ ಕಂತು ಯಾವಾಗ ಅಂತ ಜಗಳ ತೆಗೆಯುತ್ತಾರೆ. ಪುಸ್ತಕ ಅಚ್ಚಾದ ಕೂಡಲೇ ಯಾಕೆ ಈ ನಾಚಿಕೆ?

ಓಲೆಗರಿ:
ನಾಚಿಕೆ ಅಲ್ಲಮ್ಮಾ, ಹೆದರಿಕೆ. ಮೊದಲ ಕಾದಂಬರಿ ಬಿಡುಗಡೆಯ ದಿನ ಮುಖ್ಯ ಅತಿಥಿ ಮುಕ್ಕಾಲು ಗಂಟೆ ವಿಜಯನಗರದ ಪತನದ ಬಗ್ಗೆ ಮಾತಾಡಿದರು. ನನ್ನ ಪುಸ್ತಕದ ಬಗ್ಗೆ ಹೇಳಿದ್ದು ಒಂದೇ ಮಾತು, 'ಹೆಣ್ಣುಮಕ್ಕಳು ಮಧ್ಯಾಹ್ನ ಓದಲು ಹಗುರವಾಗಿದೆ' ಅಂತ. ಸಭೆ ನಕ್ಕಿತು. ಅದಕ್ಕೇ ಈ ಸಲ ಭಾರ ತುಂಬಿದೆ.

ರಾತ್ರಿ ಓದುಗಿ:
ಮಧ್ಯಾಹ್ನ ಓದುವವರೇ ದುಡ್ಡು ಕೊಟ್ಟು ಕೊಳ್ಳುವವರು. ಅತಿಥಿಗೆ ಪುಕ್ಕಟೆ ಪ್ರತಿ ಕೊಟ್ಟಿರುತ್ತೀರಿ.

ಅಂಗಡಿ ಕಾಕಾ:
ಖರೇ ಮಾತು!

ಬ್ಯಾಡಗಿ ಖಾರ:
ಪರಿಚಯ ಅಂದ ಮೇಲೆ ನಮ್ಮ ಗಳಗನಾಥರ ನೆನಪು ಬರದೆ ಹೇಗೆ? 1869ರಲ್ಲಿ ಹುಟ್ಟಿದವರು, 1942ರವರೆಗೆ ಇದ್ದರು. ಆಗ ಇಲ್ಲಿ ಓದಿದವರ ಮನೆಗಳಲ್ಲಿ ಮರಾಠಿ ಕಾದಂಬರಿಗಳದೇ ಕಾರುಬಾರು. ಇವರು ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಮ್ಮವನ್ನೂ ಬರೆದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಅತಿಥಿ ಇಲ್ಲ, ಹಾರ ಇಲ್ಲ. ನಮ್ಮ ಹಾವೇರಿಯ ಏಲಕ್ಕಿ ಹಾರವೂ ಇಲ್ಲ! ಕಟ್ಟೆಯ ಮೇಲೆ ಕೂತು ಕಥೆ ಎಲ್ಲಿಗೆ ಬಂತು ಅಂತ ಹೇಳಿದರೆ ತಾನೇ ಜನ ಗಂಟು ಬಿಚ್ಚಿಸುತ್ತಾರೆ? ಯಾರ ವಂಶ, ಯಾವ ಇಸವಿ ಅಂತ ಶುರು ಮಾಡಿದ್ದರೆ ಕಟ್ಟೆ ಖಾಲಿ ಆಗುತ್ತಿತ್ತು. ಇದು ನನ್ನ ಊಹೆ, ಮಾಸ್ತರರು ಬೈಯಬಾರದು.

ಮಾಳಮಡ್ಡಿ ಮಾಸ್ತರ:
ಬೈಯುವುದಿಲ್ಲ. ಊಹೆ ಅಂತ ಹೇಳಿದಿರಲ್ಲ, ಓಲೆಗರಿಯವರಿಂದ ನಾನು ಕೇಳುತ್ತಿರುವುದೂ ಅಷ್ಟೇ.

ನರಗುಂದದವ:
ಇನ್ನೊಂದು ಕೇಳುವುದಿತ್ತು. ಪಾತ್ರಗಳ ಮಾತು ಯಾವ ಕನ್ನಡ? ನನ್ನವರು ನರಗುಂದದ ಮಾತನ್ನೇ ಆಡುತ್ತಾರೆ. 1858 ಬಹಳ ದೂರದ ಕಾಲ ಏನಲ್ಲ, ಲಾವಣಿಗಳಲ್ಲಿ ಆ ಮಾತು ಕಿವಿಗೆ ಬೀಳುತ್ತದೆ. ಆದರೆ ಮೈಸೂರು ಕಡೆಯ ಗೆಳೆಯ ಒಬ್ಬ ಓದಿ, 'ಅರ್ಧ ತಿಳಿಯಲಿಲ್ಲ' ಅಂದ.

ಓಲೆಗರಿ:
ನಾನು ಈಗಿನ ಸರಳ ಕನ್ನಡ ಇಟ್ಟಿದ್ದೇನೆ. ರನ್ನನ ಕಾಲದ ಮಾತು ಇಟ್ಟರೆ ಓದಲು ಟಿಪ್ಪಣಿ ಬೇಕು. ಕಂಪನಿ ನಾಟಕದ 'ಪ್ರಿಯೇ', 'ಸ್ವಾಮಿ' ಇಟ್ಟರೆ ನಗು ಬರುತ್ತದೆ. ಅವಳು ಅವನಿಗೆ 'ಎತ್ತಿಗೆ ನೀರು ಕುಡಿಸಿದೆಯಾ' ಅಂತ ಕೇಳುತ್ತಾಳೆ. ನನ್ನ ಪ್ರಕಾರ ಅದೇ ಪ್ರೇಮದ ಮಾತು.

ರಾತ್ರಿ ಓದುಗಿ:
ಈ ಸಾಲೂ ಬೆನ್ನುಡಿಗೆ ಬೇಕು.

ಓಲೆಗರಿ:
ಸರಿ, ಮತ್ತೆ ಬರೆದೆ. ನೋಡಿ:

"ಘಟ್ಟದ ಕಡೆಯಿಂದ ಗರಿ ತರುವವನು ಅವನು. ಗರಿಗೆ ಮಸಿ ಹಚ್ಚುವವಳು ಅವಳು. ಲೊಕ್ಕಿಗುಂಡಿಯಲ್ಲಿ ಅತ್ತಿಮಬ್ಬೆ ಒಂದು ಪುರಾಣದ ಸಾವಿರ ಪ್ರತಿ ಬರೆಸುತ್ತಿದ್ದಾಳೆ. ಕೆಲವು ಪ್ರತಿಗಳ ಅಂಚಿನಲ್ಲಿ, ಮಸಿ ಹಚ್ಚದ ಒಂದೊಂದು ಸಾಲು ಇದೆ. ಅದು ಪುರಾಣದ್ದಲ್ಲ. ಒಂದು ದಿನ ಅಂಥ ಪ್ರತಿ ತಪ್ಪಿ ಅತ್ತಿಮಬ್ಬೆಯ ಕೈಗೇ ಹೋಗುತ್ತದೆ. ಇದೊಂದು ಪ್ರೇಮಕಥೆ. ಸಾವಿರ ಪ್ರತಿಗಳ ಮಾತು ಪರಂಪರೆಯಿಂದ ಬಂದದ್ದು, ಅಂಚಿನ ಸಾಲುಗಳು ಲೇಖಕಿಯವು."

ಕೊನೆಯ ವಾಕ್ಯ ಮಾಸ್ತರರಿಗಾಗಿ. ಪುಸ್ತಕದ ಕೊನೆಗೆ ಎರಡು ಪುಟ ಸೇರಿಸುತ್ತೇನೆ. ಶಾಸನದಲ್ಲಿ ಏನಿದೆ, ಅಜಿತಪುರಾಣದಲ್ಲಿ ಏನಿದೆ, ನಾನು ಏನು ಸೇರಿಸಿದೆ, ಎಲ್ಲ ಅಲ್ಲಿ ಇರುತ್ತದೆ.

ಮಾಳಮಡ್ಡಿ ಮಾಸ್ತರ:
ಬೆನ್ನುಡಿ ಒಪ್ಪಿದೆ. ಆ ದೃಶ್ಯ ಇನ್ನೂ ಒಪ್ಪಿಲ್ಲ. ಗರಿ ನೋಡಿ ಆಕೆ ಏನು ಮಾಡುತ್ತಾಳೆ?

ರಾತ್ರಿ ಓದುಗಿ:
ಸರ್!! ಹೇಳಬೇಡಿ ಅಕ್ಕಾ, ದಯವಿಟ್ಟು!

ಓಲೆಗರಿ:
ಹೇಳುವುದಿಲ್ಲ. ಆದರೆ ದೃಶ್ಯ ಇರುತ್ತದೆ ಸರ್. ಚಿಕ್ಕ ವಯಸ್ಸಿನಲ್ಲಿ ಗಂಡನನ್ನೂ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡವಳು ಆಕೆ. ಅಂಥವಳ ಕೈಗೆ ಆ ಗರಿ ಬಂದರೆ ಏನಾಗಬಹುದು ಅಂತ ಯೋಚಿಸಿಯೇ ನಾನು ಇಡೀ ಪುಸ್ತಕ ಬರೆದದ್ದು. ಅದನ್ನು ತೆಗೆದರೆ ನನಗೆ ಉಳಿಯುವುದು ಗರಿ ಸಾಗಾಣಿಕೆ ಮಾತ್ರ. ಕರಡು ನಿಮಗೆ ಕಳಿಸುತ್ತೇನೆ, ಓದಿ ಬೈಯಿರಿ.

ಮಾಳಮಡ್ಡಿ ಮಾಸ್ತರ:
ಕಳಿಸಿ. ಬೈಯುವುದಂತೂ ಖಾತ್ರಿ.

ಅಂಗಡಿ ಕಾಕಾ:
ಅದೆಲ್ಲ ಆಮೇಲೆ. ಬೆಲೆ ಎಷ್ಟು ಇಡುತ್ತೀರಿ, ಕಮಿಷನ್ ಎಷ್ಟು, ಮೊದಲು ಹೇಳಿ. ನರಗುಂದದ ತಮ್ಮಾ, ನೀವೂ ಹೇಳಿ. ಎರಡೂ ಪುಸ್ತಕ ಒಟ್ಟಿಗೆ ಬಂದರೆ ಬಾಗಿಲ ಬಳಿ ಒಂದು ಟೇಬಲ್ ಖಾಲಿ ಮಾಡಿ ಕೊಡುತ್ತೇನೆ. ಒಂದು ಭಾನುವಾರ ಬಂದು ಇಬ್ಬರೂ ಕೂತುಕೊಳ್ಳಿ. ಅತಿಥಿಗಳನ್ನು ಮಾತ್ರ ಕರೆತರಬೇಡಿ, ನನ್ನ ಹತ್ತಿರ ಅಷ್ಟು ಕುರ್ಚಿ ಇಲ್ಲ.