ಜರ್ಮನ್ ಕ್ಲಾಸಿನಲ್ಲಿ ಈ ನಕ್ಷತ್ರ ಬೇಕಾ?

ಬಿ1_ಪರದಾಟ: ನಮ್ಮ ಟೀಚರ್ ‘ಲೇರರ್*ಇನ್ನೆನ್’ ಎಂದು ಪದದ ನಡುವೆ ನಕ್ಷತ್ರ ಹಾಕಿಸುತ್ತಿದ್ದಾರೆ. ಗಂಡು, ಹೆಣ್ಣು, ಎರಡೂ ಅಲ್ಲದವರು, ಎಲ್ಲ ಶಿಕ್ಷಕರೂ ಅದರಲ್ಲಿ ಬರುತ್ತಾರಂತೆ. ನಾಮಪದದ ಲಿಂಗ ತೋರಿಸುವ ಡೆರ್, ಡೀ, ದಾಸ್‌ಗೇ ನನ್ನ ತಲೆ ಕೆಟ್ಟಿದೆ. ಇದೂ ಬೇಕಾ?

ಇಂದಿರಾನಗರ_ಇಡ್ಲಿ: ಬೇಡವೇ ಬೇಡ. ಜರ್ಮನಿಯಲ್ಲೇ ಬ್ಯಾನ್ ಆಗಿದೆ.

ಮ್ಯೂನಿಕ್_ಮಾವ: ‘ಜರ್ಮನಿಯಲ್ಲೇ’ ಅಂತೆ! ಬವೇರಿಯಾದಲ್ಲಿ, 2024ರ ಏಪ್ರಿಲ್ 1ರಿಂದ, ಸರ್ಕಾರಿ ಕಚೇರಿ, ಶಾಲೆ, ಯೂನಿವರ್ಸಿಟಿಗಳಲ್ಲಿ. ಒಂದು ರಾಜ್ಯ ಇಡೀ ದೇಶ ಯಾವಾಗ ಆಯಿತು?

ಇಂದಿರಾನಗರ_ಇಡ್ಲಿ: ಒಂದೇನು? ಸ್ಯಾಕ್ಸನಿ ಶಾಲೆಗಳಲ್ಲಿ 2021ರಿಂದಲೇ ಇಲ್ಲ.

ಮ್ಯೂನಿಕ್_ಮಾವ: ಎರಡಾಯಿತು. ಇನ್ನು 14 ರಾಜ್ಯ ಬಾಕಿ. ಎಣಿಸಿ, ಕಾಯುತ್ತೇನೆ.

ಟೀಚರಕ್ಕ: ಜರ್ಮನ್ ಕಲಿಸುವವಳು ನಾನು. ನಕ್ಷತ್ರ ಬಿಡಿ, ಪಾಠಗಳನ್ನು ನೋಡಿ. ನನ್ನ ಹಳೇ ಪುಸ್ತಕದಲ್ಲಿ ಡಾಕ್ಟರ್ ಗಂಡಸು, ಅಡುಗೆಮನೆಯಲ್ಲಿ ಅಮ್ಮ, ಟರ್ಕಿಯವನಿಗೆ ತರಕಾರಿ ಅಂಗಡಿ. ನರ್ಸ್ ಆಗಿ ಜರ್ಮನಿಗೆ ಹೊರಟ ಹುಡುಗರು ನನ್ನ ಕ್ಲಾಸಿನಲ್ಲಿದ್ದಾರೆ. ಪುಸ್ತಕದ ನರ್ಸ್ ಮಾತ್ರ ಯಾವಾಗಲೂ ಹೆಂಗಸು. 2018ರ ಕೊನೆಯಿಂದ ಅಲ್ಲಿನ ಜನನ ನೋಂದಣಿಯಲ್ಲಿ ಗಂಡು, ಹೆಣ್ಣು ಎರಡರಲ್ಲೂ ಸೇರದವರಿಗೆ ‘ಡಿವೆರ್ಸ್’ ಎಂಬ ಆಯ್ಕೆಯೂ ಇದೆ. ಕೆಲಸದ ಜಾಹೀರಾತಿನಲ್ಲಿ ‘ಎಮ್/ವೇ/ಡೇ’ ಎಂದಿರುತ್ತದಲ್ಲ, ಎಮ್ ಗಂಡು, ವೇ ಹೆಣ್ಣು, ಆ ‘ಡೇ’ ಅದೇ. ಇದನ್ನೂ ಹೇಳಿಕೊಡಬಾರದಾ?

ಇಂದಿರಾನಗರ_ಇಡ್ಲಿ: ‘ನಕ್ಷತ್ರ ಬಿಡಿ’. ಟೀಚರೇ ಒಪ್ಪಿದರು ನೋಡಿ.

ಟೀಚರಕ್ಕ: ಒಪ್ಪಿದ್ದು ಎಲ್ಲಿ ಸ್ವಾಮಿ? ಮಿಕ್ಕಿದ್ದನ್ನೂ ಓದಿ.

ಇಂದಿರಾನಗರ_ಇಡ್ಲಿ: ಓದಿದ್ದೇನೆ. ಜರ್ಮನ್ ಕಾಗುಣಿತ ಮಂಡಳಿಯೇ 2023ರಲ್ಲಿ ಈ ಚಿಹ್ನೆಗಳನ್ನು ನಿಯಮದೊಳಗೆ ಸೇರಿಸಲಿಲ್ಲ. ಅಲ್ಲಿಗೆ ಮುಗಿಯಿತು.

ಮ್ಯೂನಿಕ್_ಮಾವ: ಮುಗಿದಿಲ್ಲ! ಎಲ್ಲ ಲಿಂಗದವರಿಗೂ ಗೌರವ ಕೊಡುವ ಭಾಷೆ ಬಳಸಬೇಕು ಎಂದೂ ಅದೇ ಮಂಡಳಿ ಹೇಳಿದೆ. ಅರ್ಧ ಓದಿ ಬಂದು ಜಡ್ಜ್‌ಮೆಂಟ್ ಕೊಡುತ್ತೀರಾ?

ಇಂದಿರಾನಗರ_ಇಡ್ಲಿ: ‘ಗೌರವ’! ಆ ಗೌರವ ನಿಮ್ಮ ಕಾಮೆಂಟಿನಲ್ಲೇ ಕಾಣುತ್ತಿಲ್ಲವಲ್ಲ. ಬವೇರಿಯಾದಲ್ಲಿ ಕೂತು ಬವೇರಿಯಾ ಸರ್ಕಾರದ ಮಾತೇ ಕೇಳದವರು ನೀವು.

ಮ್ಯೂನಿಕ್_ಮಾವ: ಸರ್ಕಾರ ಹೇಳಿದ್ದಕ್ಕೆಲ್ಲ ತಲೆಯಾಡಿಸೋಕೆ ನಾನೇನು ಕೋಲೆಬಸವನಾ? ನಾನು ಖಾಸಗಿ ಕಂಪನಿಯಲ್ಲಿರುವುದು. ಆ ನಿಯಮ ನನಗೆ ತಾಗುವುದೇ ಇಲ್ಲ.

ಚಿತ್ರದುರ್ಗ_ಚುರುಮುರಿ: ಇಬ್ಬರೂ ಸುಮ್ನೆ ಇನ್ನೊಂದು ಥ್ರೆಡ್ ಮಾಡಿಕೊಳ್ಳಿ. ‘ಬವೇರಿಯಾ ಮತ್ತು ನಾವು’.

ಬಿ1_ಪರದಾಟ: ಶುಕ್ರವಾರ ಟೆಸ್ಟ್ ಇದೆ. ಏನು ಬರೆಯಲಿ?

ಟೀಚರಕ್ಕ: ‘ಲೇರ್‌ಕ್ರೆಫ್ಟೆ’, ಅಂದರೆ ‘ಬೋಧಕ ಸಿಬ್ಬಂದಿ’ ಎಂದು ಬರೆಯಿರಿ. ಎಲ್ಲರೂ ಬರುತ್ತಾರೆ, ನಕ್ಷತ್ರವೂ ಬೇಕಿಲ್ಲ. ಬವೇರಿಯಾದಲ್ಲೂ ನಡೆಯುತ್ತದೆ.

ಇಂದಿರಾನಗರ_ಇಡ್ಲಿ: ‘ನಕ್ಷತ್ರವೂ ಬೇಕಿಲ್ಲ’. ನಾನು ಮೊದಲ ಕಾಮೆಂಟಿನಲ್ಲೇ ಹೇಳಿದ್ದೆ.

ಮ್ಯೂನಿಕ್_ಮಾವ: ‘ಬವೇರಿಯಾದಲ್ಲೂ’ ಅಂದರೇನು ಟೀಚರ್? ನಾವೇನು ಇಲ್ಲಿ ಕಾಡಿನಲ್ಲಿದ್ದೇವಾ?